ಹಾನ್ನಾ ಸೆನೆಶ್ ಕತಿ ಸಾಲಿ ಗ್ಯಾದರಿಂಗ್‌ದಾಗ ಮಾಡ್ಸೋದು ಹೆಂಗ: ಒಂದು ಕುರ್ಚಿ, ಒಂದು ಕನ್ನಡಿ ಸಾಕು, ಪ್ಯಾರಾಚೂಟ್ ಬ್ಯಾಡ

ನಮ್ಮ ಕಲಬುರಗಿ ಕಡೆ ಸಾಲಿ ಗ್ಯಾದರಿಂಗ್ ಅಂದ್ರ ಗೊತ್ತೇ ಅದಲ್ರಿ, ಒಂದು ಸ್ವಾಗತ ಗೀತೆ, ಮೂರ್ನಾಕ ಡ್ಯಾನ್ಸು, ಒಂದು ಕಿತ್ತೂರ ಚೆನ್ನಮ್ಮ, ಆಮ್ಯಾಲ ಬಹುಮಾನ ವಿತರಣಾ, ಅಷ್ಟರಾಗ ರಾತ್ರಿ ಹತ್ತು ಆಗಿ ಪಾಲಕರೆಲ್ಲ ಅರ್ಧಕ್ಕೆ ಎದ್ದು ಹೋಗಿರ್ತಾರ. ಚೆನ್ನಮ್ಮ ಬ್ಯಾಡ ಅಂತ ನಾ ಹೇಳ್ಲಿಕತ್ತಿಲ್ಲ ಮತ್ತ, ಆದ್ರ ಯಾವಾಗರೆ ಒಂದು ಸಲ ಬ್ಯಾರೆ ದೇಶದ ಕತಿ ಮಾಡ್ಬೇಕು ಅನ್ನಿಸಿದ್ರ ಹಾನ್ನಾ ಸೆನೆಶ್ ಅನ್ನೋ ಹುಡುಗಿ ಕತಿ ತಗೋರಿ. ಎರಡನೇ ಮಹಾಯುದ್ಧದಾಗ ಪ್ಯಾರಾಚೂಟ್ ಕಟ್ಕೊಂಡು ಶತ್ರುಗಳ ನಡುವ ಇಳಿದು, 23ನೇ ವಯಸ್ಸಿಗೆ ಗುಂಡಿಗೆ ಬಲಿಯಾದ ಯಹೂದಿ ಹುಡುಗಿ. ನಾ ಇದನ್ನ ಎಂಟು ಒಂಬತ್ತನೇತ್ತಾ ಮಕ್ಕಳ ಕೂಡ ಮೂರು ಸಲ ಮಾಡ್ಸೀನಿ, ಎರಡು ಸಲ ಕ್ಲಾಸ್ ರೂಮಿನಾಗ, ಒಂದು ಸಲ ದೊಡ್ಡ ಸ್ಟೇಜ್ ಮ್ಯಾಲ, ಮೊದಲನೇ ಸಲ ಪೂರಾ ಕೆಟ್ಟು ಹೋಯ್ತು, ಅದಕ್ಕೇ ಈ ಲೇಖನ ಬರೀಲಿಕತ್ತಿದ್ದು.

ಮೊದಲು ಒಂದು ಮಾತು ತಲ್ಯಾಗ ಇಟ್ಕೋರಿ, ಉಳಿದದ್ದೆಲ್ಲಾ ಅದರ ಹಿಂದೇ ಬರ್ತದ. ಈ ಹುಡುಗಿ ಹೋಗಿದ್ದು ಶತ್ರು ದೇಶಕ್ಕಲ್ಲ, ತವರೂರಿಗೆ. ಅಕಿ ಹುಟ್ಟಿದ್ದು ಹಂಗೇರಿಯ ಬುಡಾಪೆಸ್ಟ್‌ದಾಗ, ಅಕಿ ಅವ್ವ ಇನ್ನೂ ಅಲ್ಲೇ ಇದ್ಲು, ಅಕಿನ್ನ ಹಿಡಿದು ಬಡಿದವರು ಅಕಿ ಮಾತಾಡೋ ಭಾಷಾನೇ ಮಾತಾಡೋರು. ನೀವು ಇದನ್ನ ಆಕಾಶದಿಂದ ಇಳಿಯೋ ವೀರಾಂಗನೆ ಅಂತ ಮಾಡಿದ್ರ ಸಿನಿಮಾ ಆಗ್ತದ, ಮಕ್ಕಳು ಸೀಟಿ ಹೊಡಿತಾರ, ಮನಿಗೆ ಹೋಗೋದ್ರೊಳಗ ಮರೀತಾರ. ಮಗಳೊಬ್ಬಳು ಮನಿ ಕಡೆ ಹೊಳ್ಳಿ ಬಂದ್ಲು ಅಂತ ಮಾಡಿದ್ರ ಹಿಂದ ಕೂತ ಅಜ್ಜಿಗೂ ತಿಳೀತದ.

ತಯಾರಿಗೆ ಒಂದು ವಾರ ಸಾಕು, ಆದ್ರ ಮೊದಲನೇ ದಿನ ಡೈಲಾಗ್ ಕೊಡಬ್ಯಾಡ್ರಿ. ಮ್ಯಾಪ್ ಹಚ್ರಿ. ಗ್ವಾಡಿ ಮ್ಯಾಲ ಹಚ್ಚೋ ದೊಡ್ಡ ಪ್ರಪಂಚದ ಮ್ಯಾಪ್ ಎಲ್ಲಾ ಸಾಲ್ಯಾಗೂ ಒಂದು ಇರ್ತದ, ಅಲ್ಮಾರಿ ಹಿಂದ ಸುತ್ತಿಟ್ಟಿರ್ತಾರ, ಧೂಳು ಝಾಡಿಸಿ ತಗೀರಿ. ಹಂಗೇರಿ ಎಲ್ಲದ, ಯುಗೋಸ್ಲಾವಿಯಾ ಅಂತ ಆವಾಗ ಇದ್ದ ದೇಶ ಎಲ್ಲಿತ್ತು, ಈಜಿಪ್ಟ್ ಎಲ್ಲದ, ಪ್ಯಾಲೆಸ್ಟೈನ್ ಎಲ್ಲದ, ಮಕ್ಕಳ ಬೆರಳಿಲೇ ಮುಟ್ಟಿಸ್ರಿ. ಪ್ಯಾಲೆಸ್ಟೈನ್ ಆವಾಗ ಬ್ರಿಟಿಷರ ಕೈಯಾಗಿತ್ತು, ನಮ್ಮ ಕಲಬುರಗಿ ನಿಜಾಮನ ಕೈಯಾಗಿತ್ತು, ಇದನ್ನ ಹೇಳಿದ್ರ ಮಕ್ಕಳಿಗೆ ಕಾಲ ಯಾವುದು ಅನ್ನೋದು ಜಲ್ದಿ ಹೊಳೀತದ. ಒಂದು ಮಜಾ ಹೇಳ್ತೀನಿ, ಅಲ್ಲೇ ಹೈಫಾ ಅಂತ ಒಂದು ಊರದ, ಅದನ್ನ ಮೊದಲನೇ ಮಹಾಯುದ್ಧದಾಗ 1918ರ ಸೆಪ್ಟೆಂಬರ್ 23ಕ್ಕ ಗೆದ್ದಿದ್ದು ಮೈಸೂರು ಮತ್ತ ಜೋಧಪುರದ ಕುದುರಿ ಸವಾರರು, ಅದೇ ಬ್ರಿಗೇಡಿನಾಗ ಹೈದ್ರಾಬಾದ್ ಲಾನ್ಸರ್ಸ್ ಸಹ ಇದ್ರು, ಅಂದ್ರ ನಿಜಾಮನ ರಾಜ್ಯದ ಸೈನಿಕರು. ಇದು ನಾಟಕಕ್ಕ ಏನೂ ಬೇಕಾಗಿಲ್ಲ, ಆದ್ರ ಇಷ್ಟು ಹೇಳಿದ್ಮ್ಯಾಲ ಮಕ್ಕಳು ಆ ಮ್ಯಾಪ್ ನೋಡೋ ಕಣ್ಣೇ ಬ್ಯಾರೆ ಆಗ್ತದ.

ಆಮ್ಯಾಲ ಕತಿ. ಇಲ್ಲಿ ಜರಾ ಸಾವಕಾಶ ಹೋಗ್ರಿ, ತಾರೀಖು ತಪ್ಪಬಾರ್ದು. ಅಕಿ ಹುಟ್ಟಿದ್ದು 1921ರ ಜುಲೈ 17. ಮನ್ಯಾಗ ಅನಿಕೋ ಅಂತಿದ್ರು. ಅಪ್ಪ ಬೇಲಾ ಸೆನೆಶ್ ಪತ್ರಕರ್ತ, ನಾಟಕ ಬರಿಯೋರು, 1927ರಾಗ ತೀರ್ಕೊಂಡ್ರು, ಅಕಿಗಿ ಇನ್ನೂ ಆರು ತುಂಬಿತ್ತೋ ಇಲ್ಲೋ. ಅವ್ವ ಕಾತಾಲಿನ್ ಒಬ್ಬಾಕಿನೇ ಮಗ ಮಗಳನ್ನ ಬೆಳೆಸಿದ್ಲು. 13ನೇ ವಯಸ್ಸಿಗೆ ಹುಡುಗಿ ಡೈರಿ ಬರೀಲಿಕ್ಕ ಸುರು ಮಾಡಿದ್ಲು. ಸಾಲಿ ಪ್ರಾಟೆಸ್ಟಂಟ್ ಹೆಣ್ಮಕ್ಕಳ ಸಾಲಿ, ಅಲ್ಲಿ ಯಹೂದಿ ಮಕ್ಕಳಿಗೆ ಫೀಸು ಪ್ರಾಟೆಸ್ಟಂಟ್ ಮಕ್ಕಳಕಿಂತ ಮೂರು ಪಟ್ಟು. ಸಾಲ್ಯಾಗಿನ ಸಾಹಿತ್ಯ ಸಂಘಕ್ಕ ಹುಡುಗ್ಯಾರೇ ಅಕಿನ್ನ ಆರಿಸಿದ್ರು, ಆಮ್ಯಾಲ ಯಹೂದಿ ಹುಡುಗಿ ಆ ಜಾಗಕ್ಕ ನಡಿಯಂಗಿಲ್ಲ ಅಂತ ಹೊಳ್ಳಿ ಚುನಾವಣಾ ಮಾಡಿ ಬ್ಯಾರೆಯಾಕಿನ್ನ ಕೂಡ್ರಿಸಿದ್ರು.

ಈ ಒಂದು ಘಟನಾ ಬಿಡಬ್ಯಾಡ್ರಿ ದಯವಿಟ್ಟು. ಯಾಕಂದ್ರ ಎಂಟನೇತ್ತಾ ಮಕ್ಕಳಿಗೆ ಯುದ್ಧ ಗೊತ್ತಿಲ್ಲ, ಗ್ಯಾಸ್ ಚೇಂಬರ್ ಗೊತ್ತಿಲ್ಲ, ಆದ್ರ ಕ್ಲಾಸ್ ಲೀಡರ್ ಮಾಡಿ ಆಮ್ಯಾಲ ತೆಗೆದು ಹಾಕೋದು ಭಾಳ ಛಲೋ ಗೊತ್ತದ. ನೀರಿನ ಕೊಡ ಯಾರು ಮುಟ್ಟಬೇಕು ಯಾರು ಮುಟ್ಟಬಾರ್ದು ಅನ್ನೋದು ಕೇಳಿದ ಮಕ್ಕಳು ನಮ್ಮ ಊರಾಗೂ ಇದ್ದಾರ, ಅವರಿಗೆ ನೀವು ಇದನ್ನ ಬಿಡಿಸಿ ಹೇಳೋ ಜರೂರತ್ತೇ ಇಲ್ಲ, ಸುಮ್ನ ದೃಶ್ಯ ಮಾಡ್ರಿ ಸಾಕು. ಮೂರು ಮಕ್ಕಳು, ಒಂದು ಬೆಂಚು, ಕೈ ಎತ್ತಿ ಆರಿಸೋದು, ಆಮ್ಯಾಲ ಟೀಚರ್ ದನಿ ಒಳಗಿಂದ, ಮತ್ತ ಅವೇ ಕೈಗೋಳು ಬ್ಯಾರೆಯಾಕಿಗಿ ಏಳೋದು. ಒಂದೂವರೆ ನಿಮಿಷದ ಸೀನು, ಅದರಾಗ ಹಾನ್ನಾ ಪಾತ್ರದ ಹುಡುಗಿಗಿ ಒಂದೂ ಡೈಲಾಗ್ ಇಲ್ಲ.

ಮುಂದಿಂದು ಜಲ್ದಿ ಮುಗಿಸ್ರಿ, ನಿರೂಪಕ ಹೇಳ್ಕೋತ ಹೋಗ್ಲಿ. 1939ರ ಸೆಪ್ಟೆಂಬರ್, ಯುರೋಪಿನಾಗ ಯುದ್ಧ ಹತ್ತಿತ್ತು, 18ರ ಹುಡುಗಿ ಪ್ಯಾಲೆಸ್ಟೈನಿಗಿ ಹೋದ್ಲು. ನಹಲಾಲ್ ಅನ್ನೋ ಊರಾಗ ಹೆಣ್ಮಕ್ಕಳ ಕೃಷಿ ಸಾಲ್ಯಾಗ ಎರಡು ವರ್ಷ, ಆಮ್ಯಾಲ 1941ರಾಗ ಸದೋತ್ ಯಾಮ್ ಅಂತ ಸಮುದ್ರ ದಂಡಿ ಮ್ಯಾಲಿನ ಕಿಬ್ಬುಟ್ಸ್, ಅಂದ್ರ ಎಲ್ಲಾರೂ ಕೂಡಿ ದುಡಿದು ಕೂಡಿ ಉಣ್ಣೋ ಊರು. ಅಲ್ಲಿ ಅಕಿಗಿ ಸಿಕ್ಕ ಕೆಲಸ ಅಡಗಿ ಮನಿ, ಬಟ್ಟಿ ಒಗಿಯೋದು. ಕವಿತಾ ಬರಿಯೋ ಹುಡುಗಿ, ಓದಿದಾಕಿ, ರಾಶಿ ರಾಶಿ ಬಟ್ಟಿ ಒಗೀತಿದ್ಲು. ಅಲ್ಲಿ ಸಮುದ್ರದ ದಂಡಿ ಮ್ಯಾಲ ಬರ್ದ ನಾಕೈದು ಸಾಲು ಇವತ್ತಿಗೂ ಆ ದೇಶದಾಗ, ಅಂದ್ರ ಈಗಿನ ಇಸ್ರೇಲಿನಾಗ, ಹಾಡ್ತಾರ. ನೀವು ಅದನ್ನ ಕನ್ನಡಕ್ಕ ಮಾಡಿ ಹಾಡ್ಸೋಕ್ಕ ಹೋಗ್ಬ್ಯಾಡ್ರಿ, ನಾ ಒಂದು ಸಲ ಮಾಡಿ ಕೈ ಸುಟ್ಕೊಂಡೀನಿ, ಭಾವಗೀತೆ ಸ್ಪರ್ಧಾದ ಗತೆ ಆಯ್ತು.

ಸ್ಟೇಜ್ ಮ್ಯಾಲ ಬಟ್ಟಿ ಹಿಂಡೋ ಸೀನ್ ಇಟ್ರ ಛಲೋ. ನಮ್ಮ ಹುಡುಗ್ಯಾರಿಗೆ ಅದನ್ನ ಕಲಿಸೋದು ಬೇಕಾಗಿಲ್ಲ, ಒಬ್ಬಾಕಿ ಬಕೀಟು ತಂದು ಕೂತ್ಲಂದ್ರ ಮುಗೀತು. ಬಟ್ಟಿ ಹಿಂಡ್ಕೋತನೇ ಅಕಿ ಕಡೆ ಸುದ್ದಿ ಬರ್ತಾವ, ಯುರೋಪಿನಾಗ ಯಹೂದಿಗಳಿಗೆ ಹಿಂಗಾಗ್ಲಿಕತ್ತದ, ಹಂಗಾಗ್ಲಿಕತ್ತದ ಅಂತ. ಅವ್ವ ಇನ್ನೂ ಬುಡಾಪೆಸ್ಟ್‌ದಾಗೇ. 1943ರಾಗ ಅಕಿ ಬ್ರಿಟಿಷ್ ವಾಯುಪಡೆ ಮಹಿಳಾ ವಿಭಾಗಕ್ಕ ಸೇರಿದ್ಲು, ಈಜಿಪ್ಟಿನಾಗ ಪ್ಯಾರಾಚೂಟ್ ಟ್ರೇನಿಂಗ್ ಆಯ್ತು. ಹೊರಡೋ ಹೊತ್ತಿಗೇ, 1944ರ ಫೆಬ್ರುವರಿಯಾಗ, ವರ್ಷಗಟ್ಲೆ ನೋಡದ ಅಣ್ಣ ಗಿಯೋರಾ ಪ್ಯಾಲೆಸ್ಟೈನಿಗಿ ಬಂದು ಮುಟ್ಟಿದ. ಅಣ್ಣ ಬರೋದು, ತಂಗಿ ಹೋಗೋದು. ಎಲ್ಲಿಗೆ ಹೋಗ್ಲಿಕತ್ತೀನಿ ಅಂತ ಹೇಳೋ ಹಂಗಿಲ್ಲ. ಈ ಭೇಟಿಗೆ ಎರಡು ನಿಮಿಷ ಕೊಡ್ರಿ, ಅಣ್ಣನ ಪಾತ್ರಕ್ಕ ದೊಡ್ಡ ಹುಡುಗನ್ನ ಹುಡುಕಬ್ಯಾಡ್ರಿ, ಖರೇನೇ ಮನ್ಯಾಗ ತಂಗಿ ಇದ್ದಾಂವನ್ನ ತಗೋರಿ.

ಈಗ ಪ್ಯಾರಾಚೂಟ್. 1944ರ ಮಾರ್ಚ್ ನಡುವ ಅಕಿ ಯುಗೋಸ್ಲಾವಿಯಾದಾಗ ಇಳಿದ್ಲು, ಜರ್ಮನ್ರ ವಿರುದ್ಧ ಹೋರಾಡ್ತಿದ್ದ ಟಿಟೋ ಅನ್ನೋ ನಾಯಕನ ಪಾರ್ಟಿಸಾನ್ ಗೆರಿಲ್ಲಾಗಳ ಕಡೆ. ಹೋದ ಮ್ಯಾಲ ಮಾರ್ಚ್ 19ಕ್ಕ ಜರ್ಮನ್ ಸೈನ್ಯ ಹಂಗೇರಿ ಒಳಗ ನುಗ್ಗಿತು. ಅಂದ್ರ ಮನಿ ಬಾಗಲಿಗೆ ಬಂದಾಗಲೇ ಮನ್ಯಾಗ ಬೆಂಕಿ ಬಿತ್ತು ಅನ್ರಿ. ಮೂರು ತಿಂಗಳ ಹತ್ತಿರ ಕಾಡು ಗುಡ್ಡದಾಗ ಗೆರಿಲ್ಲಾಗಳ ಕೂಡ ಕಳೆದ್ಲು. ಹಿಂಗ ಪ್ಯಾಲೆಸ್ಟೈನಿನಿಂದ ಹೋದ ಯಹೂದಿ ಪ್ಯಾರಾಚೂಟಿಸ್ಟರು ಒಟ್ಟು 37 ಮಂದಿ, ಅವರಾಗ 12 ಜನ ಸಿಕ್ಕಿಬಿದ್ರು, 7 ಜನ ಸತ್ರು. ಹವೀವಾ ರೈಕ್ ಅಂತ ಇನ್ನೊಬ್ಬ ಹೆಣ್ಮಗಳು ಸ್ಲೊವಾಕಿಯಾದಾಗ, ಎಂಜೋ ಸೆರೇನಿ ಇಟಲಿಯಾಗ ಇಳಿದು ಜರ್ಮನಿಯ ದಾಖಾವ್ ಅನ್ನೋ ನಾಜಿ ಕೈದಿ ಕ್ಯಾಂಪಿನಾಗ. ಬ್ರಿಟಿಷರಿಗೆ ಬೇಕಾಗಿದ್ದು ಶತ್ರು ನೆಲದಾಗ ಬಿದ್ದ ಅವರ ಪೈಲಟ್‌ಗಳನ್ನ ಹೊರಗ ತರೋದು, ಇವರಿಗೆ ಬೇಕಾಗಿದ್ದು ತಮ್ಮ ಜನಕ್ಕ ದಾರಿ ತೋರಿಸೋದು, ಎರಡೂ ಒಂದೇ ವಿಮಾನದಾಗ ಹೋದ್ವು.

ಇದೆಲ್ಲಾ ನಿರೂಪಕನ ಬಾಯಾಗ ಹೇಳ್ಸಿ ಬಿಡ್ರಿ. ಮೊದಲನೇ ಸಲ ನಾವು ಏನ್ ಮಾಡಿದ್ವಿ ಗೊತ್ತೇನ್ರಿ, ಬಿಳಿ ಬೆಡ್‌ಶೀಟ್ ಹಗ್ಗಕ್ಕ ಕಟ್ಟಿ ಸ್ಟೇಜಿನ ಮ್ಯಾಲಿಂದ ಇಳಿಸಿದ್ವಿ, ಹುಡುಗಿ ಕೆಳಗ ನಿಂತು ಕೈ ಬಿಚ್ಚಬೇಕು ಅಂತ ಪ್ಲ್ಯಾನ್, ಹಗ್ಗ ಫ್ಯಾನಿಗೆ ಸಿಕ್ಕು ಬೆಡ್‌ಶೀಟ್ ನಿರೂಪಕನ ತಲಿ ಮ್ಯಾಲ ಬಿತ್ತು, ಅವ ಅದರೊಳಗಿಂದಲೇ ಡೈಲಾಗ್ ಹೇಳ್ಕೋತ ಹೋದ. ಇಡೀ ಹಾಲ್ ನಕ್ಕಿತು. ಅಲ್ಲಿಂದ ಮುಂದ ಅಕಿನ್ನ ಹೊಡಿಯೋ ಸೀನ್ ಬಂದಾಗೂ ನಗು ನಿಲ್ಲಲಿಲ್ಲ.

ಅದಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಬಾಡಿಗಿ ಡ್ರೆಸ್ ಅಂಗಡ್ಯಾಗ ಮಿಲಿಟರಿ ಡ್ರೆಸ್, ಹೊಳಿಯೋ ಬೂಟು, ಟೋಪಿ ಎಲ್ಲಾ ತಂದು ಮೂರು ಹುಡುಗರನ್ನ ಜರ್ಮನ್ ಆಫೀಸರ್ ಮಾಡಿದ್ವಿ. ಅವರು ಬೂಟು ಟಕ್ ಟಕ್ ಮಾಡ್ಕೋತ ಬಂದ ಕೂಡ್ಲೇ ಹಿಂದಿನ ಬೆಂಚಿನವರು ಸೀಟಿ ಹೊಡೆದ್ರು, ಶಿಳ್ಳೆ, ಚಪ್ಪಾಳಿ. ಹೀರೋ ಎಂಟ್ರಿ ಅವರಿಗೇ ಸಿಕ್ತು ನೋಡ್ರಿ. ಕುರ್ಚಿಗೆ ಕಟ್ಟಿಸ್ಕೊಂಡು ಕೂತ ಹುಡುಗಿನ್ನ ಯಾರೂ ನೋಡ್ಲೇ ಇಲ್ಲ. ತೋಳಿಗೆ ಕಟ್ಟಿದ ಪಟ್ಟಿ ಮ್ಯಾಲಿನ ಗುರ್ತು ನೋಡಿ ಒಬ್ಬ ಪಾಲಕರು ಇದು ನಮ್ಮ ಸ್ವಸ್ತಿಕ ಅಲ್ಲೇನ್ರಿ ಅಂತ ಕೇಳಿದ್ರು, ಅದಕ್ಕ ಉತ್ತರ ಕೊಡೋದ್ರಾಗ ಹದಿನೈದು ನಿಮಿಷ ಹೋಯ್ತು. ಅವತ್ತೇ ಡಿಸೈಡ್ ಮಾಡಿದೆ, ಶತ್ರುನ್ನ ಸ್ಟೇಜ್ ಮ್ಯಾಲ ತರಂಗಿಲ್ಲ. ಖಾಲಿ ದನಿ. ಪರದೆ ಹಿಂದಿಂದ, ಮೈಕ್ ಇಲ್ದ, ಒದರದ, ದಿನಾ ನಾವು ಆಫೀಸಿನಾಗ ಹೆಸರು ಏನು, ಊರು ಯಾವುದು, ಅಪ್ಪನ ಹೆಸರು ಏನು ಅಂತ ಕೇಳಿಸ್ಕೋತೀವಲ್ಲ ಆ ದನಿ. ಎರಡನೇ ಸಲ ಹಂಗ ಮಾಡಿದ್ವಿ, ಹಾಲ್ ಪೂರಾ ಸುಮ್ನಾಯ್ತು, ಮುಂದ ಕೂತ ಸಣ್ಣ ಹುಡುಗನೊಬ್ಬ ಪರದೆ ಕಡೆ ನೋಡ್ಕೋತ ಅಂಜಿ ಅವ್ವನ ಕೈ ಹಿಡ್ಕೊಂಡ.

ದನಿ ಭಾಷಾ ಬಗ್ಗೆನೂ ಒಂದು ಮಾತು. ಸಿನಿಮಾದಾಗ ವಿಲನ್ ಬ್ಯಾರೆ ಥರ ಕನ್ನಡ ಮಾತಾಡ್ತಾನ, ಗಡಸು ಗಡಸು. ಇಲ್ಲಿ ಹಂಗ ಮಾಡಬ್ಯಾಡ್ರಿ. 1944ರ ಜೂನ್ 7ಕ್ಕ ಅಕಿ ಹಂಗೇರಿ ಗಡಿ ದಾಟಿದ್ಲು, ಸ್ವಲ್ಪ ಹೊತ್ತಿನಾಗೇ ಸಿಕ್ಕಿಬಿದ್ಲು, ಹಿಡಿದವರು ಹಂಗೇರಿಯ ಜಂಡಾರ್ಮ್ ಪೊಲೀಸರು, ತಲಿ ಮ್ಯಾಲ ಹುಂಜದ ಪುಕ್ಕದ ಟೋಪಿ ಹಾಕೋರು. ಅಂದ್ರ ಅಕಿ ಊರಿನ ಭಾಷಾದಾಗೇ ಅಕಿನ್ನ ಬೈದ್ರು. ಅದಕ್ಕ ದನಿ ಕೊಡೋ ಹುಡುಗಗ ನಮ್ಮ ಕಲಬುರಗಿ ಮಾತೇ ಕೊಡ್ರಿ, ಹಾನ್ನಾಗೂ ಅದೇ ಮಾತು. ಇಬ್ಬರೂ ಒಂದೇ ಓಣ್ಯಾಗಿನವರ ಗತೆ ಕೇಳಬೇಕು. ಇದೇ ನಾಟಕದ ಪೂರಾ ಜೀವ, ನಾ ಮೂರನೇ ಸಲಕ್ಕ ಹೋದಾಗ ತಿಳೀತು.

ವೈರ್‌ಲೆಸ್ ಸೆಟ್ಟು ಅವರ ಕೈಗಿ ಸಿಕ್ಕಿತ್ತು, ಅದರ ಕೋಡ್ ಬೇಕಾಗಿತ್ತು. ಕೋಡ್ ಸಿಕ್ರ ಅಕಿ ಹೆಸರಿನ ಮ್ಯಾಲ ಸುಳ್ಳು ಸಂದೇಶ ಕಳಿಸಿ ಮುಂದ ಬರೋರನ್ನ, ವಿಮಾನಗಳನ್ನ ಎಲ್ಲಾ ಬಲಿಗೆ ಬೀಳಿಸಬಹುದು. ಇದನ್ನ ಮಕ್ಕಳಿಗೆ ಮೊಬೈಲ್ ಪಾಸ್‌ವರ್ಡ್ ಗತೆ ಹೇಳ್ರಿ, ನಿಮ್ಮ ಫೋನ್ ಯಾರರೆ ಕಸ್ಗೊಂಡು ನಿಮ್ಮ ಹೆಸರಿಲೇ ಗೆಳತ್ಯಾರಿಗೆಲ್ಲಾ ಮೆಸೇಜ್ ಹಾಕಿದ್ರ ಏನಾಗ್ತದ ಅಂತ, ಎರಡು ಸೆಕೆಂಡಿನಾಗ ತಿಳೀತದ. ದಿನಗಟ್ಲೆ ಬಡಿದ್ರು, ಕುರ್ಚಿಗೆ ಕಟ್ಟಿದ್ರು, ಒಂದು ಹಲ್ಲು ಹೋಯ್ತು, ಕೋಡ್ ಕೊಡಲಿಲ್ಲ.

ಹೊಡೆತ ತೋರಿಸಬ್ಯಾಡ್ರಿ. ಕುರ್ಚಿ ಇಡ್ರಿ, ಹುಡುಗಿ ಕೂಡ್ಲಿ, ಕೈ ಹಿಂದ ಇರ್ಲಿ, ಹಗ್ಗ ಕಟ್ಟಬ್ಯಾಡ್ರಿ (ಹಗ್ಗ ಕಟ್ಟಿದ್ರ ಬಿಚ್ಚೋದು ಮರೀತಾರ, ನಂಬ್ರಿ). ದನಿ ಕೇಳ್ತದ, ಕೋಡ್ ಏನು. ಹುಡುಗಿ ಸುಮ್ನ. ಮತ್ತ ಕೇಳ್ತದ. ಸುಮ್ನ. ಐದು ಸಲ. ನಡುನಡುವ ಲೈಟ್ ಆರಿಸಿ ಹಚ್ರಿ, ಹಚ್ಚಿದಾಗೊಮ್ಮೆ ಹುಡುಗಿ ಕೂತ ರೀತಿ ಜರಾ ಬದಲಾಗಿರ್ಲಿ, ಭುಜ ಇಳಿದಿರ್ಲಿ, ಕೂದಲ ಬಿಚ್ಚಿರ್ಲಿ, ಅಷ್ಟೇ. ಪ್ರಾಕ್ಟೀಸ್ ಮಾಡ್ಸುವಾಗ ಮಕ್ಕಳಿಗೆ ಸುಮ್ನಿರೋದೇ ಎಲ್ಲಕಿಂತ ವಜನದ ಕೆಲಸ ಅನ್ನೋದು ನೋಡ್ತೀರಿ, ಮೂರನೇ ಸಲಕ್ಕೇ ನಗು ಬರ್ತದ ಅವಕ್ಕ. ಬರ್ಲಿ ಬಿಡ್ರಿ, ಎರಡು ದಿನ ನಕ್ಕು ಮುಗೀಲಿ, ಮೂರನೇ ದಿನಕ್ಕ ನಗು ತಾನೇ ಹೋಗ್ತದ.

ಈಗ ಅವ್ವನ ಸೀನ್. ಇದಕ್ಕ ನಿಮ್ಮ ಕಡೆ ಇರೋ ಎಲ್ಲಕಿಂತ ಛಲೋ ನಟಿನ್ನ ಕೊಡ್ರಿ, ಹಾನ್ನಾಗಲ್ಲ. ಎಲ್ಲಾರೂ ಇಲ್ಲೇ ತಪ್ಪತಾರ, ಚಂದ ಕಾಣೋ ಜೋರು ಮಾತಾಡೋ ಹುಡುಗಿನ್ನ ಹಾನ್ನಾ ಮಾಡಿ, ಉಳಿದಾಕಿನ್ನ ಅವ್ವ ಮಾಡ್ತಾರ. ನಮ್ಮ ಮೂರನೇ ಸಲ ಅವ್ವ ಆದಾಕಿ ದರ್ಗಾ ಕಡೆಯಿಂದ ಬರೋ ಹುಡುಗಿ, ಮನ್ಯಾಗ ಉರ್ದು, ಸಾಲ್ಯಾಗ ಕನ್ನಡ, ಮಾತು ಕಮ್ಮಿ, ಆದ್ರ ಅಕಿ ಸುಮ್ನ ನಿಂತ್ರ ಸಾಕು ಎದುರಿಗಿದ್ದವರಿಗೆ ಗಂಟಲು ಕಟ್ಟತಿತ್ತು. 

ಘಟನಾ ಹಿಂಗದ. ಜೂನ್‌ದಾಗ ಬುಡಾಪೆಸ್ಟ್‌ದಾಗ ಅವ್ವನ್ನ ಕರೆಸಿದ್ರು, ಮಗಳು ಎಲ್ಲಿದ್ದಾಳ ಅಂತ ಕೇಳಿದ್ರು. ಅಕಿ ಪಾಪ ಮಗಳು ದೂರ ದೇಶದಾಗ ಹೊಲ ಮನಿ ಮಾಡ್ಕೊಂಡು ಸುಖವಾಗಿದ್ದಾಳ ಅಂತಲೇ ತಿಳ್ಕೊಂಡಿದ್ಲು, ಹಂಗೇ ಹೇಳಿದ್ಲು. ಆಮ್ಯಾಲ ಬಾಜೂ ಕೋಣಿ ಬಾಗಲಾ ತೆಗೆದು ಮಗಳನ್ನ ಒಳಗ ತಂದ್ರು. ಮುಖ ಊದಿತ್ತು, ಹಲ್ಲು ಹೋಗಿತ್ತು. ಮಗಳು ಅವ್ವನ್ನ ಅಪ್ಗೊಂಡು ಕ್ಷಮಾ ಕೇಳಿದ್ಲು. ಮಗಳ ಬಾಯಿ ಬಿಡಿಸ್ಲಿಕ್ಕೇ ಅವ್ವನ್ನ ತಂದಿದ್ರು ಅನ್ನೋದು ಗೊತ್ತಾಗ್ತದಲ್ರಿ, ಕೋಡ್ ಹೇಳ್ಲಿಲ್ಲಂದ್ರ ನಿನ್ನ ಕಣ್ಮುಂದೇ ಅವ್ವಗ ಮಾಡ್ತೀವಿ ಅನ್ನೋ ಬೆದರಿಕಿ. ಆವಾಗೂ ಹೇಳ್ಲಿಲ್ಲ. ಅವ್ವನ್ನೂ ಒಯ್ದು ಅದೇ ಜೈಲಿನಾಗ ಹಾಕಿದ್ರು.

ಈ ಸೀನಿಗೆ ಡೈಲಾಗ್ ಬರೀಲಿಕ್ಕ ಕೂತಾಗ ಕೈ ಕಟ್ಕೋರಿ. ಮೊದಲ ಡ್ರಾಫ್ಟಿನಾಗ ನಾ ದೇಶ, ಧರ್ಮ, ತ್ಯಾಗ ಅಂತ ಅರ್ಧ ಪುಟ ಬರೆದಿದ್ದೆ, ಅವ್ವನ ಪಾತ್ರದ ಹುಡುಗಿ ಓದಿ, ಸರ್ ಅವ್ವ ಹಿಂಗ ಮಾತಾಡಂಗಿಲ್ರಿ, ಹಲ್ಲು ಏನಾಯ್ತು ಅಂತ ಕೇಳ್ತಾಳ ಅಂದ್ಲು. ಹೊಡೆದು ಹಾಕಿದೆ. ಈಗ ಅವ್ವಗ ಅದೊಂದೇ ಮಾತದ. ಇನ್ನೊಂದು, ಖರೇ ನಡೆದದ್ದು ಯಾವುದು, ನಾವು ಬರೆದ ಮಾತು ಯಾವುದು ಅನ್ನೋದು ಸ್ಕ್ರಿಪ್ಟಿನಾಗ ಬ್ಯಾರೆ ಬ್ಯಾರೆ ಬಣ್ಣದ ಪೆನ್ನಿಲೇ ಬರೀರಿ, ನಾಟಕ ಮುಗಿದ ಮ್ಯಾಲ ಯಾರರೆ ಕೇಳಿದ್ರ ಹೇಳ್ಲಿಕ್ಕ ಬರ್ತದ, ಮಕ್ಕಳಿಗೂ ಇತಿಹಾಸ ಬ್ಯಾರೆ ನಾಟಕ ಬ್ಯಾರೆ ಅನ್ನೋದು ರೂಢಿ ಆಗ್ತದ.

ಇನ್ನ ಕನ್ನಡಿ. ಇದು ನನಗ ಎಲ್ಲಕಿಂತ ಇಷ್ಟದ ಭಾಗ, ಇದಕ್ಕ ಟೈಮ್ ಭಾಳ ಕೊಡ್ರಿ. ಜೈಲಿನಾಗ ಅಕಿ ಕಿಟಕಿಯಿಂದ ಕನ್ನಡಿಲೇ ಬಿಸಲು ಹೊಳೆಸಿ ಬ್ಯಾರೆ ಕೋಣ್ಯಾಗಿದ್ದವರಿಗೆ ಸನ್ನಿ ಮಾಡ್ತಿದ್ಲು. ಕಾಗದದಾಗ ದೊಡ್ಡ ದೊಡ್ಡ ಅಕ್ಷರ ಕತ್ತರಿಸಿ ಒಂದೊಂದಾಗಿ ಕಿಟಕಿಗೆ ಹಿಡೀತಿದ್ಲು, ಎದುರಿನ ಕಿಟಕಿಯವರು ಕೂಡಿಸ್ಕೊಂಡು ಓದೋರು, ಅವ್ವನ ಕೂಡ ಸಹ ಹಿಂಗೇ ಮಾತು. ಕಾಗದದ ಗೊಂಬಿ ಮಾಡ್ತಿದ್ಲು. ನಾಳೆ ಏನಾಗ್ತದೋ ಗೊತ್ತಿಲ್ದ ಜೈಲಿನಾಗ ಗೊಂಬಿ ಮಾಡ್ಕೋತ ಕೂತಾಕಿ.

ಮಾಡೋದು ಹೆಂಗಂದ್ರ, ಕ್ಲಾಸ್ ರೂಮಿನಾಗ ಮಾಡೋದಿದ್ರ ಮುಂಜಾನಿ ಒಂಬತ್ತಕ್ಕ ಮೂಡಲ ಕಿಟಕಿ ಇರೋ ರೂಮ್ ಹಿಡೀರಿ, ನಮ್ಮ ಕಲಬುರಗಿ ಬಿಸಲಿಗೆ ಬರಗಾಲ ಇಲ್ಲ, ಅಂಗೈ ಅಗಲದ ಕನ್ನಡಿ ಸಾಕು, ಅಂಚಿಗೆ ಟೇಪ್ ಸುತ್ರಿ ಕೈ ಕೊಯ್ಯಬಾರ್ದು. ಬಿಸಲಿನ ಚುಕ್ಕಿ ಎದುರು ಗ್ವಾಡಿ ಮ್ಯಾಲ ಬೀಳ್ತದ, ಅದನ್ನ ನಿಧಾನ ಸರಿಸ್ಕೋತ ಅವ್ವ ಕೂತ ಕಡೆ ತರಬೇಕು, ಅವ್ವನ ಮಡಿಲಿಗೆ ಬಂದು ನಿಲ್ಲಬೇಕು. ಮಕ್ಕಳ ಮುಖಕ್ಕ, ಕಣ್ಣಿಗೆ ಹೊಡೀಬ್ಯಾಡ್ರಿ, ಮೊದಲೇ ತಾಕೀತು ಮಾಡ್ರಿ. ರಾತ್ರಿ ಸ್ಟೇಜ್ ಮ್ಯಾಲ ಆದ್ರ ಬಾಜೂಕ್ಕ ಒಬ್ಬರು ಟಾರ್ಚ್ ಹಿಡೀಲಿ, ಹುಡುಗಿ ಅದನ್ನೇ ಕನ್ನಡಿಲೇ ತಿರುಗಿಸ್ಲಿ, ಉಳಿದ ಎಲ್ಲಾ ಲೈಟ್ ಬಂದ್. 

ಅಕ್ಷರ ಕತ್ತರಿಸೋದು ಕನ್ನಡದಾಗ ಜರಾ ಪೇಚಾಟ. ಅವರ ಲಿಪಿಯಾಗ ಒಂದು ಅಕ್ಷರ ಬಿಟ್ಟು ಒಂದು ಬಿಡಿ ಬಿಡಿ, ನಮ್ದು ಒತ್ತು, ದೀರ್ಘ, ಸೊನ್ನಿ. ಚಾರ್ಟ್ ಪೇಪರಿನಾಗ ರ ಕತ್ತರಿಸಿದ್ರ ನಡುವಿನ ಗುಂಡು ಬಿದ್ದೇ ಹೋಗ್ತದ, ಠ ಅಂತೂ ಕೇಳಬ್ಯಾಡ್ರಿ. ಅದಕ್ಕ ತೂತು ಕೊರಿಯೋದು ಬಿಟ್ಟು ಕರಿ ಕಾಗದದಾಗ ಅಕ್ಷರ ಕತ್ತರಿಸಿ ಬಿಳಿ ಹಾಳಿ ಮ್ಯಾಲ ಅಂಟಿಸ್ರಿ, ಒಂದು ಹಾಳಿಗೆ ಒಂದೇ ಅಕ್ಷರ, ಒತ್ತಕ್ಷರ ಬಿಡಿಸಬ್ಯಾಡ್ರಿ, ಅವ್ವ ಅಂದ್ರ ಎರಡೇ ಹಾಳಿ, ಒಂದ್ರಾಗ ಅ, ಒಂದ್ರಾಗ ವ್ವ. ಮೊದಲ ಹಾಳಿ ಎತ್ತಿದಾಗ ಕೂತ ಮಂದಿ ಏನಿದು ಅಂತ ನೋಡ್ತಾರ, ಎರಡನೇದು ಎತ್ತಿದ ಕೂಡ್ಲೇ ಇಡೀ ಹಾಲ್ ಬಾಯ್ಬಿಟ್ಟು ಅವ್ವ ಅಂತದ. ಇದನ್ನ ನಾ ಕಲಿಸಿದ್ದಲ್ಲ, ಮೂರೂ ಸಲ ತಾನೇ ಆಯ್ತು. ಅದಕಿಂತ ಉದ್ದದ ವಾಕ್ಯ ಹಾಕಬ್ಯಾಡ್ರಿ.

ಹೊರಗ ಏನು ನಡೆದಿತ್ತು ಅನ್ನೋದನ್ನ ನಿರೂಪಕ ಇಲ್ಲಿ ಹೇಳ್ಬೇಕು. 1944ರ ಮೇ ನಡುವಿನಿಂದ ಜುಲೈ 9ರ ತನಕ, ಎಂಟು ವಾರದಾಗ, ಹಂಗೇರಿಯಿಂದ 4 ಲಕ್ಷ 37 ಸಾವಿರದಷ್ಟು ಯಹೂದಿಗಳನ್ನ ರೈಲಿನಾಗ ತುಂಬಿ ಕಳಿಸಿದ್ರು, ಹೆಚ್ಚುಕಮ್ಮಿ ಎಲ್ಲಾರನ್ನೂ ನಾಜಿಗಳು ಯಹೂದಿಗಳನ್ನ ಕೊಲ್ತಿದ್ದ ಕ್ಯಾಂಪ್ ಆಶ್ವಿಟ್ಜ್‌ಗೆ. ಲಕ್ಷ ಅಂದ್ರ ಮಕ್ಕಳಿಗೆ ಲೆಕ್ಕ ಹತ್ತಂಗಿಲ್ಲ. 2011ರ ಜನಗಣತಿಯಾಗ ನಮ್ಮ ಕಲಬುರಗಿ ಸಿಟಿ ಜನಸಂಖ್ಯಾ 5 ಲಕ್ಷ ಚಿಲ್ಲರ ಇತ್ತು. ಸೂಪರ್ ಮಾರ್ಕೆಟ್, ಶಹಾಬಜಾರ್, ಜಗತ್ ಸರ್ಕಲ್, ಅಪ್ಪನ ಗುಡಿ, ದರ್ಗಾ, ರಿಂಗ್ ರೋಡ್ ಒಳಗಿನ ಎಲ್ಲಾ ಕಾಲೋನಿ, ಐದು ಮನಿಯಾಗ ನಾಕು ಮನಿ ಖಾಲಿ, ಎರಡು ತಿಂಗಳದಾಗ. ಇಷ್ಟೇ ಹೇಳಿ ನಿರೂಪಕ ಸರಿದು ನಿಲ್ಲಲಿ. ಅಕಿ ಗಡಿ ದಾಟಿದ್ದು ಸರಿಯಾಗಿ ಇದರ ನಡುವ.

ವಿಚಾರಣಾ ಸೀನ್ ಬೇಕಾದ್ರ ಬಿಡ್ರಿ, ನಾ ಬಿಟ್ಟೀನಿ. ಅಕ್ಟೋಬರ್ 28ಕ್ಕ ದೇಶದ್ರೋಹದ ವಿಚಾರಣಾ ಸುರುವಾಯ್ತು, ತೀರ್ಪು ಎಂಟು ದಿನ ಮುಂದ ಹಾಕಿದ್ರು. ಆವಾಗ ರಷ್ಯಾದ ಸೈನ್ಯ ಬುಡಾಪೆಸ್ಟಿನ ಹತ್ತಿರ ಬಂದಾಗಿತ್ತು, ಅಧಿಕಾರದಾಗ ಇದ್ದವರು ಆರೋ ಕ್ರಾಸ್ ಅನ್ನೋ ನಾಜಿ ಪರ ಹಂಗೇರಿ ಪಕ್ಷದವರು, ಊರೆಲ್ಲಾ ಗದ್ದಲ. ಕೋರ್ಟಿನಾಗ ತೀರ್ಪು ಓದೋಕಿಂತ ಮೊದಲೇ 1944ರ ನವೆಂಬರ್ 7ಕ್ಕ ಗುಂಡು ಹಾಕಿದ್ರು. ಕ್ಷಮಾ ಅರ್ಜಿ ಹಾಕ್ಲಿಲ್ಲ, ಕಣ್ಣಿಗೆ ಬಟ್ಟಿ ಕಟ್ಟಿಸ್ಕೊಳ್ಲಿಲ್ಲ. ಅವ್ವನ್ನ ಸೆಪ್ಟೆಂಬರಿನಾಗ ಬಿಟ್ಟಿದ್ರು, ಅಕಿ ಅವತ್ತು ಮಗಳನ್ನ ನೋಡೋ ಪರ್ಮಿಶನ್ ಸಲುವಾಗಿ ಆಫೀಸಿನಾಗ ಕಾಯ್ಕೋತ ಕೂತಿದ್ಲು, ಆಫೀಸರ್ ಬಂದು ಮುಗೀತು ಅಂತ ಹೇಳಿದ.

ಗುಂಡಿನ ಸಪ್ಪಳ ಹಾಕಬ್ಯಾಡ್ರಿ, ಪಟಾಕಿ ಗಿಟಾಕಿ ಬ್ಯಾಡೇ ಬ್ಯಾಡ. ಅವ್ವ ಬೆಂಚಿನ ಮ್ಯಾಲ ಕೂಡ್ಲಿ, ಕೈಯಾಗ ಟಿಫಿನ್ ಡಬ್ಬಿ ಇರ್ಲಿ (ಡಬ್ಬಿ ನಮ್ದು, ಇತಿಹಾಸದ್ದಲ್ಲ). ನಮ್ಮ ಕಡೆ ದವಾಖಾನಿ ಮುಂದ, ತಹಸೀಲ್ ಆಫೀಸ್ ಮುಂದ ಹೆಣ್ಮಕ್ಕಳು ಹೆಂಗ ಕೂಡ್ತಾರ, ಸೆರಗು ಬಾಯಿಗಿ ಹಿಡ್ಕೊಂಡು, ಯಾರ ಬೂಟಿನ ಸಪ್ಪಳ ಕೇಳಿದ್ರೂ ಎದ್ದು ನಿಲ್ಲೋದು, ಮತ್ತ ಕೂಡೋದು. ಅದನ್ನ ಎರಡು ನಿಮಿಷ ಮಾಡ್ಲಿ. ಎರಡು ನಿಮಿಷ ಸ್ಟೇಜ್ ಮ್ಯಾಲ ಭಾಳ ಉದ್ದ, ಹೆಡ್ ಮಾಸ್ತರು ಹಿಂದಿಂದ ಮುಂದ ಮಾಡ್ರಿ ಮುಂದ ಮಾಡ್ರಿ ಅಂತಾರ, ಕೇಳ್ಬ್ಯಾಡ್ರಿ. ಆಮ್ಯಾಲ ಪರದೆ ಹಿಂದಿನ ಅದೇ ದನಿ ಒಂದು ಮಾತು ಹೇಳ್ತದ, ಲೈಟ್ ಬಂದ್.

ಆಮ್ಯಾಲ ನಡೆದದ್ದು ಎರಡು ಸಾಲು ಸಾಕು. 1950ರಾಗ ಅಕಿ ಅಸ್ಥಿ ಒಯ್ದು ಜೆರುಸಲೇಮಿನ ಮೌಂಟ್ ಹರ್ಜಲ್ ಅನ್ನೋ ರಾಷ್ಟ್ರೀಯ ಸ್ಮಶಾನದಾಗ ಮಣ್ಣು ಮಾಡಿದ್ರು, 1993ರಾಗ ಹಂಗೇರಿಯ ಮಿಲಿಟರಿ ಕೋರ್ಟು ಅಕಿ ಮ್ಯಾಲಿನ ಅಪರಾಧ ತೆಗೆದು ಹಾಕಿತು. ಅವ್ವ ಬದುಕಿ ಉಳಿದು ಮಗನ ಕಡೆ ಹೋದ್ಲು.

ಮುಗಿದ ಮ್ಯಾಲ ಪ್ರಶ್ನಿಗಳಿಗೆ ತಯಾರಿರ್ರಿ, ಎರಡು ಗ್ಯಾರಂಟಿ ಬರ್ತಾವ. ಒಂದು, ಇವತ್ತಿನ ಇಸ್ರೇಲ್ ಗಾಜಾ. ಯಾರರೆ ದೊಡ್ಡವರೇ ಕೇಳ್ತಾರ, ಆ ಕಡೆ ಈ ಕಡೆ ಎರಡೂ ಬಾಜೂ. ಕೇಳಬ್ಯಾಡ್ರಿ ಅನ್ನಬ್ಯಾಡ್ರಿ, ಆದ್ರ ಈ ಹುಡುಗಿ 1944ರಾಗೇ ಸತ್ತಾಳ, ಅಕಿ ಬಾಯಾಗ ಇವತ್ತಿನ ಮಾತು ತುರುಕೋದು ಬ್ಯಾಡ, ಅದರ ಸಲುವಾಗಿ ಬ್ಯಾರೆ ದಿನ ಕೂಡೋಣು ಅಂತ ಹೇಳ್ರಿ. ನಾ ಹಂಗೇ ಹೇಳೀನಿ, ಒಂದಿಬ್ಬರು ಮುಖ ಗಂಟು ಹಾಕಿದ್ರು, ಹಾಕ್ಲಿ.

ಎರಡನೇದು ಮಕ್ಕಳ ಪ್ರಶ್ನಿ, ಭಾಳ ಕಠಿಣ. ಸರ್ ಮತ್ತ ಅಕಿ ಎಷ್ಟು ಜನನ್ನ ಉಳಿಸಿದ್ಲು? ಇಲ್ಲಿ ಸುಳ್ಳು ಹೇಳ್ಬ್ಯಾಡ್ರಿ. ಸಾವಿರಾರು ಜನನ್ನ ಉಳಿಸಿದ್ಲು ಅಂತ ಹೇಳಿದ್ರ ಚಪ್ಪಾಳಿ ಬರ್ತದ, ಆದ್ರ ಅದು ಖರೇ ಅಲ್ಲ. ಗಡಿ ದಾಟಿದ ಕೂಡ್ಲೇ ಸಿಕ್ಕಿಬಿದ್ಲು, ಹೋದ ಕೆಲಸ ಆಗ್ಲಿಲ್ಲ, ರೈಲು ನಿಲ್ಲಿಸ್ಲಿಕ್ಕ ಅಕಿ ಕೈಲಿ ಆಗ್ಲಿಲ್ಲ. ಕೋಡ್ ಮಾತ್ರ ಕೊಡಲಿಲ್ಲ. ಇಷ್ಟು ಹೇಳಿ ಬಿಡ್ರಿ, ಮುಂದಿಂದು ಮಕ್ಕಳೇ ಮಾತಾಡ್ತಾವ. ನಮ್ಮ ಕ್ಲಾಸಿನಾಗ ಒಬ್ಬ ಹುಡುಗ ಹಂಗಾರ ಹೋಗಿದ್ದೇ ವ್ಯರ್ಥ ಅಲ್ಲೇನ್ರಿ ಸರ್ ಅಂದ, ಅವನ ಹಿಂದ ಕೂತಾಕಿ ಅವನ ಬೆನ್ನಿಗಿ ಸ್ಕೇಲಿಲೇ ಹೊಡೆದ್ಲು, ಅರ್ಧ ತಾಸು ಜಗಳ ನಡೀತು, ನಾ ನಡುವ ಬಾಯಿ ಹಾಕ್ಲಿಲ್ಲ. ಯಾರು ಗೆದ್ರು ಅಂತ ಕೇಳಿದ್ರ ಹೇಳ್ಲಿಕ್ಕ ಬರಂಗಿಲ್ಲ, ಬೆಲ್ ಹೊಡೀತು.

ಕಡೀಗೆ ಸಾಮಾನು. ಕುರ್ಚಿ ಸ್ಟಾಫ್ ರೂಮಿಗೆ ಹೊಳ್ಳಿ ಕಳಿಸ್ರಿ, ಬಕೀಟು ಯಾರದ್ದೋ ಅವರಿಗೆ ಕೊಡ್ರಿ, ಅಕ್ಷರದ ಹಾಳಿಗೋಳು ಮುಂದಿನ ವರ್ಷಕ್ಕ ಬರ್ತಾವ, ಸುತ್ತಿ ಮ್ಯಾಪಿನ ಬಾಜೂ ಇಡ್ರಿ. ಕನ್ನಡಿ ಮಾತ್ರ ಅವತ್ತೇ ಇಸ್ಕೋರಿ. ನಾ ಮರೆತಿದ್ದೆ. ಮರುದಿನ ಎರಡನೇ ಪಿರಿಯಡ್‌ನಾಗ ಗಣಿತ ನಡೆದಾಗ ಬೋರ್ಡ್ ಮ್ಯಾಲ ಬಿಸಲಿನ ಚುಕ್ಕಿ ಓಡ್ಯಾಡ್ಲಿಕತ್ತಿತ್ತು, ಎದುರು ಬಿಲ್ಡಿಂಗಿನ ಏಳನೇತ್ತಾ ಕ್ಲಾಸ್ ಕಿಟಕಿಯಿಂದಲೂ ಒಂದು ಚುಕ್ಕಿ ಬರ್ಲಿಕತ್ತಿತ್ತು, ಅವಕ್ಕ ಕನ್ನಡಿ ಎಲ್ಲಿಂದ ಸಿಕ್ತೋ ಗೊತ್ತಿಲ್ಲ. ಗಣಿತದ ಮಾಸ್ತರು ನನ್ನ ಕಡೆ ಬಂದು ಜಗಳ ತೆಗೆದ್ರು, ನಾ ಕಿಟಕಿ ಕಡೆ ನೋಡ್ಕೋತ ನಿಂತಿದ್ದೆ, ಏಳನೇತ್ತಾದವರು ಒಂದು ಹಾಳಿ ಎತ್ತಿ ಹಿಡಿದಿದ್ರು, ಒಂದೇ ಅಕ್ಷರ, ದೂರದಿಂದ ಸರಿಯಾಗಿ ಓದ್ಲಿಕ್ಕ ಬರ್ಲಿಲ್ಲ.